ಮಚ್ಚೆ ಇಲ್ಲದ ಕುದುರೆ ಕೊಂಡು ಮಚ್ಚೆಯ ಮರಿ ಪಡೆದೆ: ನನ್ನ ಅನುಭವ

ಮೂರು ವರ್ಷದಲ್ಲಿ ಮೂರು ಮರಿ. ಮೂರೂ ಅಮೆರಿಕನ್ ಪೇಂಟ್ ಹಾರ್ಸ್ ಸಂಘದ ರೆಗ್ಯುಲರ್ ರಿಜಿಸ್ಟ್ರಿಗೆ, ಅಂದರೆ ಮಚ್ಚೆ ಇರುವ ಕುದುರೆಗಳ ಪಟ್ಟಿಗೆ ಹೋದವು. ತಾಯಂದಿರು ಎರಡೂ ಸಾಲಿಡ್, ಅಂದರೆ ಮೈಮೇಲೆ ಹುಟ್ಟು ಬಿಳಿ ಮಚ್ಚೆ ಒಂದೂ ಇಲ್ಲ. "ಸಾಲಿಡ್ ತಗೊಂಡು ಏನ್ ಮಾಡ್ತೀರ, ಹುಲ್ಲು ದಂಡ" ಅಂದಿದ್ದ ಗೆಳೆಯರೇ ಈಗ ಫೋನ್ ಮಾಡುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಬರೆದುಬಿಡುತ್ತೇನೆ.

ನಮ್ಮದು ಟೆಕ್ಸಸ್‌ನ ವೆದರ್‌ಫರ್ಡ್ ಆಚೆ 11 ಎಕರೆ. ಸಂಘದ ಆಫೀಸು ಇರುವ ಫೋರ್ಟ್ ವರ್ತ್ ಹತ್ತಿರವೇ. 2018ರಲ್ಲಿ ಎರಡು ಹೆಣ್ಣು ಕುದುರೆ ಕೊಂಡೆ, ಒಂದು ಬೇ (ಕಂದು ಮೈ, ಕಪ್ಪು ಬಾಲ), ಒಂದು ಸಾರೆಲ್ (ಕೆಂಗಂದು). ಎರಡಕ್ಕೂ ಸೇರಿ 3,800 ಡಾಲರ್ ಇರಬೇಕು. ಬೇ ಕುದುರೆಯ ಒಡಹುಟ್ಟಿದ ಅಕ್ಕ, ಮಚ್ಚೆ ಇದ್ದದ್ದು, ಅದೊಂದಕ್ಕೇ 6,000 ಹೇಳಿದ್ದರು. ಅದೇ ಅಪ್ಪ, ಅದೇ ಅಮ್ಮ! ಬಣ್ಣಕ್ಕೆ ಅಷ್ಟು ದುಡ್ಡು. ನನ್ನೆರಡರ ಪೇಪರ್‌ನಲ್ಲಿ ಇದ್ದದ್ದು ಸಾಲಿಡ್ ಪೇಂಟ್-ಬ್ರೆಡ್ ಅಂತ, ಅಂದರೆ ಪೇಂಟ್ ತಳಿಯದೇ, ಮಚ್ಚೆ ಮಾತ್ರ ಇಲ್ಲ. ಹಳಬರು ಈಗಲೂ ಬ್ರೀಡಿಂಗ್ ಸ್ಟಾಕ್ ಅಂತಲೇ ಕರೆಯುತ್ತಾರೆ.

ಮೊದಲ ಸಲ ಎಡವಿದ್ದು ಗಂಡು ಕುದುರೆಯಲ್ಲಿ. ಚೆಂದದ ಟೋಬಿಯಾನೋ (ದೊಡ್ಡ ಬಿಳಿ ಮಚ್ಚೆಯ ಒಂದು ಬಗೆ), ಗಬ್ಬ ಕಟ್ಟಿಸುವ ಫೀಸು 700 ಚಿಲ್ಲರೆ. "ಇವನ ಮರಿ ಹೆಚ್ಚುಕಮ್ಮಿ ಎಲ್ಲಾ ಮಚ್ಚೆಯವೇ" ಅಂದರು ಮಾಲೀಕರು. ಹೆಚ್ಚುಕಮ್ಮಿ ಅನ್ನುವ ಮಾತು ಕೇಳಿಯೂ ಮಚ್ಚೆ ಜೀನ್‌ನ ಲ್ಯಾಬ್ ರಿಪೋರ್ಟ್ ಕೇಳದೆ ಬಂದೆ. ಪೆದ್ದತನ ನನ್ನದೇ.

ಬೇ ಕುದುರೆ ಮರಿ ಹಾಕಿದ್ದು ರಾತ್ರಿ ಎರಡೂವರೆಗೆ. ಟಾರ್ಚ್ ಹಿಡಿದು ಕೂತಿದ್ದೆ. ಮುಂಗಾಲು ಬಂತು, ಕಂದು. ಮೂಗು ಬಂತು, ಕಂದು. ಭುಜ ಹೊರಗೆ ಬಂದಾಗ ಇನ್ನೂ ಆಸೆ ಇತ್ತು. ಕೊನೆಗೆ ಹಿಂಗಾಲಲ್ಲಿ ಒಂದು ಬಿಳಿ ಕಾಲುಚೀಲ, ಅದೂ ಹಾಕ್ ಅನ್ನುವ ಹಿಂಗಾಲಿನ ನಡುವಿನ ಕೀಲಿನ ಕೆಳಗೆ. ಅಲ್ಲಿರುವ ಬಿಳಿ ರೆಗ್ಯುಲರ್ ರಿಜಿಸ್ಟ್ರಿಯ ಲೆಕ್ಕಕ್ಕೆ ಬರುವುದಿಲ್ಲ. ಹದಿನೈದು ದಿನ ಬಿಟ್ಟು ಸಾರೆಲ್ ಕೂಡ ಸಾಲಿಡ್ ಮರಿಯನ್ನೇ ಹಾಕಿತು. ಒಂದೊಂದು ಮರಿಗೆ 2,500ರ ಹತ್ತಿರ ಖರ್ಚಾಗಿತ್ತು. ಮಾರಿದ್ದು 1,100ಕ್ಕೆ ಒಂದು, 900ಕ್ಕೆ ಇನ್ನೊಂದು. ಮನೆಯಲ್ಲಿ ಒಂದು ವಾರ ಯಾರೂ ಕುದುರೆ ಮಾತೆತ್ತಲಿಲ್ಲ.

ಆ ಬೇಜಾರಲ್ಲಿ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಸಾರೆಲ್‌ನ ಬೆನ್ನ ಮೇಲೆ ಕೈಯಗಲ ಬಿಳಿ ಕೂದಲಿತ್ತು. ಅದನ್ನೇ ತೋರಿಸಿ ಕುದುರೆಯನ್ನು ರೆಗ್ಯುಲರ್‌ಗೆ ಏರಿಸಬಹುದಾ ಅಂತ, ಚರ್ಮದ ಬಣ್ಣ ಕಾಣಲು ನೀರು ಸುರಿದು ನೋಡಿದೆ. ಕೆಳಗೆ ಕಪ್ಪು ಚರ್ಮ. ಸವಾರಿಗೆ ಹಾಕುವ ತಡಿ ಉಜ್ಜಿ ಬಂದ ಬಿಳಿ ಅದು. ಚರ್ಮ ಗುಲಾಬಿ ಇಲ್ಲದಿದ್ದರೆ ಕೂದಲು ಎಷ್ಟು ಬಿಳಿ ಇದ್ದರೂ ಸುಮ್ನೆ. ನಮ್ಮ ತಾತ ಸುಳಿ ನೋಡದೆ ಹಳ್ಳಿಕಾರ್ ಹೋರಿ ಮುಟ್ಟುತ್ತಿರಲಿಲ್ಲ. ಮೊಮ್ಮಗ ಟೆಕ್ಸಸ್‌ನಲ್ಲಿ ಬಕೆಟ್ ಹಿಡಿದು ಮಚ್ಚೆ ಹುಡುಕುತ್ತಿದ್ದಾನೆ.

ಎರಡನೇ ಸಲ ಮೊದಲು ರಿಪೋರ್ಟ್, ಆಮೇಲೆ ಮಾತು. ಟಿಓ/ಟಿಓ (ಟೋಬಿಯಾನೋ ಜೀನ್‌ನ ಎರಡು ಪ್ರತಿ) ಅಂತ ಬರೆದಿದ್ದರೆ ಮಾತ್ರ ಫೀಸು ಕೊಡುತ್ತೇನೆ ಅಂದೆ. ಎರಡು ಪ್ರತಿ ಇರುವ ಗಂಡು ಒಂದನ್ನು ಮರಿಗೆ ಕೊಟ್ಟೇ ಕೊಡುತ್ತದೆ, ತಾಯಿ ಸಾಲಿಡ್ ಆದರೇನು? ಸಿಕ್ಕಿದ ಗಂಡಿಗೆ 1,500 ಫೀಸು. ಅದರ ಹೆಸರು ಮಾತ್ರ ಕೇಳಬೇಡಿ, ಹೇಳುವುದಿಲ್ಲ.

ಜೊತೆಗೆ ನನ್ನ ಎರಡೂ ಕುದುರೆಯ ಬಾಲದ ಕೂದಲನ್ನು ಬುಡಸಮೇತ ಕಿತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಲ್ಯಾಬ್‌ಗೆ ಕಳಿಸಿದೆ, ಫ್ರೇಮ್ ಓವೆರೋ ಅನ್ನುವ ಇನ್ನೊಂದು ಮಚ್ಚೆ ಜೀನ್‌ನ ಪರೀಕ್ಷೆಗೆ. 40 ಡಾಲರ್ ಆಸುಪಾಸು. ದಂಡ ಅನ್ನಿಸಿತ್ತು. ಬೇ ಕುದುರೆಯಲ್ಲಿ ಒಂದು ಪ್ರತಿ ಇತ್ತು! ಹಣೆಯಲ್ಲಿ ನಕ್ಷತ್ರ ಕೂಡ ಇಲ್ಲದ ಕುದುರೆ ಅದು. ಗಂಡಿನಲ್ಲೂ ಫ್ರೇಮ್ ಇದ್ದಿದ್ದರೆ ನಾಲ್ಕರಲ್ಲಿ ಒಂದು ಪಾಲು ಪೂರ್ತಿ ಬಿಳಿ ಮರಿ ಹುಟ್ಟಿ, ಕರುಳು ಕೆಲಸ ಮಾಡದೆ ಸಾಯುವ ಸಂಭವ. ಮೊದಲ ಗಂಡಿನ ವಿಷಯ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ, ಅದರ ಫ್ರೇಮ್ ರಿಪೋರ್ಟನ್ನೂ ನಾನು ಕೇಳಿರಲಿಲ್ಲ.

ಗಬ್ಬ ಕಟ್ಟಿಸಲು ಒದ್ದಾಡಿದ್ದು ಬೇರೆ. ವೀರ್ಯದ ಡಬ್ಬಿ ಒಂದು ದಿನ ತಡವಾಗಿ ಬಂದು ಬೇ ಕುದುರೆಯ ಬೆದೆ ತಪ್ಪಿತು. ಒಂದೊಂದು ಸಲ ತರಿಸಲು 350. ಮೂರನೇ ಡಬ್ಬಿಗೆ ನಿಂತಿತು.

2022ರ ಮರಿ ಹುಟ್ಟುವಾಗಲೇ ಅರ್ಧ ಬಿಳಿ. 2023ರದ್ದು ಇನ್ನೂ ಜಾಸ್ತಿ. 2024ರಲ್ಲಿ ಸಾರೆಲ್ ಹಾಕಿದ ಹೆಣ್ಣು ಮರಿ ಮಾತ್ರ ಬೆವರಿಳಿಸಿತು. ನಾಲ್ಕು ಕಾಲು ಬಿಳಿ, ಮೈಯೆಲ್ಲ ಸಾರೆಲ್. ಮತ್ತೆ ಬಕೆಟ್ ತಂದೆ. ಕುತ್ತಿಗೆಯ ಮೇಲಿನ ಕೂದಲಲ್ಲಿ ಒಂದು ಎಳೆ ಬಿಳಿ ಕಂಡಿತು. ಕೂದಲು ಸರಿಸಿದರೆ ಗುಲಾಬಿ ಚರ್ಮ, ಎಡಗಡೆ ಕೆಳಗೂ ಇಳಿದಿದೆ. ಸುತ್ತ ಕ್ಲಿಪ್ಪರ್ ಆಡಿಸಿ ಟೇಪು ಹಿಡಿದೆ. ಮೂರು ಇಂಚಿಗೆ ಸ್ವಲ್ಪ ಮೇಲೆ. ರೆಗ್ಯುಲರ್‌ಗೆ ಎರಡು ಇಂಚು ದಾಟಿದರೆ ಸಾಕಿತ್ತು. ಟೇಪು ಸಮೇತ ಫೋಟೋ ಸಂಘಕ್ಕೆ ಕಳಿಸಿದೆ. ಯಾವ ಬೆಳಕಲ್ಲಿ, ಹೇಗೆ ನಿಲ್ಲಿಸಿ ತೆಗೆದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಪೇಪರ್ ರೆಗ್ಯುಲರ್ ಅಂತಲೇ ಬಂತು. ಮರಿಯ ವಯಸ್ಸು ಏರಿದಂತೆ ರಿಜಿಸ್ಟ್ರಿ ಫೀಸೂ ಏರುತ್ತದೆ, ತಡಮಾಡಬೇಡಿ.

ಮೊದಲೆರಡು 4,500, 5,200ಕ್ಕೆ ಹೋದವು. ಹಳೆಯ ನಷ್ಟ ಕಳೆದು ಕೈಯಲ್ಲಿ ಉಳಿದದ್ದು ಸಾವಿರದ ಚಿಲ್ಲರೆ ಇರಬಹುದು. ಹೆಣ್ಣು ಮರಿಯನ್ನು ಮಾರಿಲ್ಲ. ನೋಡಿದವರೆಲ್ಲ ಇದೂ ಸಾಲಿಡ್ ಅಲ್ವಾ ಅನ್ನುತ್ತಾರೆ. ಕುತ್ತಿಗೆ ಕೂದಲು ಎತ್ತಿ ತೋರಿಸುತ್ತೇನೆ.