ಅಡತಿ ಪಟ್ಟಿ ಹಿಡಿದು ಕಾಂಟ್ರ್ಯಾಕ್ಟ್ ಆಕ್ಟ್ ಕಲಿಸಿದ ನನ್ನ ಅನುಭವ

ಅಡತಿ ಪಟ್ಟಿ ಅಂದರೆ ರೈತರ ಮಾಲು ಮಾರಿಸಿಕೊಡುವ ಕಮಿಷನ್ ಏಜೆಂಟ್ (ಅಡತಿಯವರು) ಬರೆದುಕೊಡುವ ಲೆಕ್ಕದ ಚೀಟಿ. ಅಂಥ ಮನೆಯ ಕಾಗದಗಳನ್ನೇ ಹಿಡಿದು ಒಪ್ಪಂದದ ಕಾನೂನು ಕಲಿಸತೊಡಗಿದ ಮೇಲೆ, ಈ ಸಲ ಕಾಂಟ್ರ್ಯಾಕ್ಟ್ ಪೇಪರಿನಲ್ಲಿ ನಮ್ಮ ಕಾನೂನು ಕಾಲೇಜಿನ ಮೊದಲ ವರ್ಷದವರು ನೂರಕ್ಕೆ ಎಪ್ಪತ್ತರ ಆಸುಪಾಸು ಪಾಸಾದರು. ನಾಲ್ಕೈದು ವರ್ಷದ ಹಿಂದೆ ಅರ್ಧಕ್ಕರ್ಧ ಜನ ಇದೇ ಪೇಪರನ್ನು ಬ್ಯಾಕ್ ಉಳಿಸಿಕೊಳ್ಳುತ್ತಿದ್ದರು. "ಇದೆಲ್ಲಾ ನಡಿಯಂಗಿಲ್ರಿ ಮೇಡಂ, ಹುಡುಗ್ರಿಗಿ ಇಂಗ್ಲಿಷೇ ಬರಂಗಿಲ್ಲ" ಅಂದಿದ್ದ ಸಹೋದ್ಯೋಗಿಗಳೇ ಈಗ ಟಾರ್ಟ್ಸ್ (ಬೇರೆಯವರಿಗೆ ಮಾಡಿದ ಹಾನಿಗೆ ಪರಿಹಾರ ಕೊಡಿಸುವ ಕಾನೂನು) ಪೇಪರಿಗೂ ಇದನ್ನೇ ಮಾಡೋಣ ಅನ್ನುತ್ತಿದ್ದಾರೆ. ಕಲಬುರಗಿ, ಬೀದರ್, ಯಾದಗಿರಿ ಕಡೆ ಕಾನೂನು ಕಲಿಸುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ನಮ್ಮಲ್ಲಿಗೆ ಬರುವವರು ಸೇಡಂ, ಚಿತ್ತಾಪುರ, ಜೇವರ್ಗಿ, ಅಫಜಲಪುರ, ಶಹಾಪುರ ಕಡೆಯವರು. ಹೆಚ್ಚಿನವರು ಕನ್ನಡ ಮಾಧ್ಯಮ, ಕೆಲವರು ಉರ್ದು ಮಾಧ್ಯಮ. 2008ರಲ್ಲಿ ಕಲಬುರಗಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಪೀಠವಾಯಿತು. ಆಮೇಲೆ ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರೂ ವಕೀಲರಾಗಬೇಕು ಎಂದು ಬರುವುದನ್ನು ಕಣ್ಣಾರೆ ನೋಡುತ್ತಿದ್ದೇನೆ. ಅಂಥವರು ಮೊದಲ ಸೆಮಿಸ್ಟರಿನಲ್ಲೇ ಮುಗ್ಗರಿಸಿ ಊರು ಸೇರಿದರೆ ನನಗೆ ಅನ್ನ ಸೇರುವುದಿಲ್ಲ.

ಕಾಲೇಜು ಮೊದಲು ಮಾಡಿದ್ದು ಸ್ಪೋಕನ್ ಇಂಗ್ಲಿಷ್. ಹೊರಗಿನಿಂದ ಒಬ್ಬರನ್ನು ಕರೆಸಿದರು, ಒಂದು ಸೆಮಿಸ್ಟರಿಗೆ ಮೂವತ್ತು ಸಾವಿರದ ಹತ್ತಿರ ಹೋಯಿತು. ಹುಡುಗರು ತಮ್ಮ ಪರಿಚಯ ಹೇಳಿಕೊಳ್ಳುವುದನ್ನು ಚೆನ್ನಾಗಿ ಕಲಿತರು, ಆದರೆ 'ಕನ್ಸಿಡರೇಷನ್' (ಒಪ್ಪಂದದಲ್ಲಿ ಕೊಟ್ಟದ್ದಕ್ಕೆ ಬದಲಾಗಿ ಸಿಗುವ ಪ್ರತಿಫಲ) ಬಂದಲ್ಲಿ ಮತ್ತೆ ನಿಂತರು. ಅದಾದ ಮೇಲೆ ನೋಟ್ಸ್. ಝೆರಾಕ್ಸಿಗೆ ಹತ್ತು-ಹನ್ನೆರಡು ಸಾವಿರ ಸುರಿದೆವು. ಬಾಯಿಪಾಠ ಮಾಡಿ, ಪ್ರಶ್ನೆ ಯಾವುದಿದ್ದರೂ ಅದೇ ಉತ್ತರ ಬರೆದು ಬಂದರು. ಮೂರನೆಯದು ಮೆಂಟರ್ ರಿಜಿಸ್ಟರ್, ಅಂದರೆ ಶಿಕ್ಷಕರು ವಿದ್ಯಾರ್ಥಿಗಳ ಕಷ್ಟಸುಖ ಕೇಳಿ ಬರೆದಿಡುವ ಪುಸ್ತಕ. ಒಬ್ಬ ಶಿಕ್ಷಕರಿಗೆ ಇಪ್ಪತ್ತು ವಿದ್ಯಾರ್ಥಿಗಳು. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹೊತ್ತಿಗೆ ಅದರಲ್ಲಿ ಸಹಿ ಬೀಳುತ್ತಿತ್ತು, ಮಾತುಕತೆ ನಡೆಯುತ್ತಿರಲಿಲ್ಲ. ಹುಬ್ಬಳ್ಳಿಯ ನಮ್ಮ ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಹಾಗಿದ್ದ ಮೇಲೆ ಎಡವುತ್ತಿರುವುದು ಇಂಗ್ಲಿಷಿನಲ್ಲಲ್ಲ, ಕಲಂ ಎಂಬುದು ತಮ್ಮ ಮನೆಯ ವ್ಯವಹಾರಕ್ಕೆ ಸಂಬಂಧಪಟ್ಟದ್ದು ಎಂದು ಅನ್ನಿಸದೇ ಇರುವುದರಲ್ಲಿ ಎಂದು ನಾನು ಹಟ ಹಿಡಿದೆ.

ಮನೆಯಲ್ಲಿರುವ ಅಡತಿ ಪಟ್ಟಿ ತರಲು ಹೇಳಿದೆ. ತೊಗರಿ ಮಾರದ ಮನೆ ಈ ಜಿಲ್ಲೆಯಲ್ಲಿ ಎಷ್ಟಿವೆ? ಜೇವರ್ಗಿ ಕಡೆಯ ಹುಡುಗನೊಬ್ಬ ಅಂಗೈಯಗಲದ ಬಿಳಿ ಚೀಟಿ ತಂದ. ಲೈಸೆನ್ಸ್ ನಂಬರಿಲ್ಲ, ಅಂಗಡಿ ಹೆಸರಿಲ್ಲ. ಚೀಲ, ತೂಕ, ದರ, ಹಮಾಲಿ, ಕಮಿಷನ್, ಅಡಿಯಲ್ಲಿ 'ಮುಂಗಡ ಜಮಾ' ಎಂದು ಒಂದು ಮೊತ್ತ ಕಳೆದು ಉಳಿದದ್ದು. ಅದನ್ನೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಕೇಳಿದೆ: ಅಡತಿಯವರು ಯಾರ ಏಜೆಂಟ್? ಅರ್ಧ ಕ್ಲಾಸು ರೈತನ ಕಡೆ, ಅರ್ಧ ಖರೀದಿದಾರನ ಕಡೆ. ಗದ್ದಲ ಜೋರಾದಾಗ ಏಜೆಂಟ್ ಅಂದರೆ ಯಾರು ಎಂದು ಹೇಳುವ 182ನೇ ಕಲಂ ಓದಿಸಿದೆ. ಲೆಕ್ಕ ಕೇಳಿದರೆ ಕೊಡಲೇಬೇಕಲ್ಲ ಎಂದು ಒಬ್ಬಳು ಎದ್ದಳು. ಅದನ್ನೇ ಹೇಳುವ 213ನೇ ಕಲಂ ತೆಗೆಯಮ್ಮಾ ಅಂದೆ. ಕಮಿಷನ್ ಖರೀದಿದಾರನಿಂದ ತಗೋಬೇಕೇ ಹೊರತು ರೈತನಿಂದ ಹಿಡಿಯುವಂತಿಲ್ಲ ಎಂದು ಹೇಳಿದಾಗ ಆ ಹುಡುಗ ಚೀಟಿ ಹಿಡಿದುಕೊಂಡು, "ಹಂಗಾದ್ರ ನಮ್ಮಪ್ಪನ ರೊಕ್ಕ ಹಿಡ್ದಾರಲ್ರಿ ಮೇಡಂ!" ಎಂದ. ಆ ದಿನದಿಂದ ಅವನು ಒಂದು ಕ್ಲಾಸೂ ತಪ್ಪಿಸಲಿಲ್ಲ.

ಈಗ ಕ್ರಮ ಹೀಗಿದೆ. ಮುಂಜಾನೆ ಎಂಟರಿಂದ ಒಂಬತ್ತು. ಒಂದು ಪಟ್ಟಿ, ಇಲ್ಲವೇ ಲಾವಣಿ (ಹೊಲದ ಗುತ್ತಿಗೆ) ಪತ್ರ, ಇಲ್ಲವೇ ಸಾಲದ ಕೈಚೀಟಿ. ಅದಕ್ಕೆ ತಾಗುವ ಒಂದು ಕಲಂ, ಒಂದೇ ತೀರ್ಪು. ಮೊದಲು ತಮ್ಮ ಕನ್ನಡದಲ್ಲಿ ಅರ್ಧ ಪುಟ ಬರೆಯಬೇಕು. ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುವವರು ಕಲಮಿನೊಳಗಿನ ಶಬ್ದಗಳನ್ನೇ ಎತ್ತಿ ಮತ್ತೊಮ್ಮೆ ಬರೆಯಬೇಕು. ಹದಿನೇಳು ವರ್ಷದ ಹುಡುಗನ ಹೆಸರಲ್ಲಿ ಬರೆಸಿಕೊಂಡ ಕೈಚೀಟಿ ಸಿಕ್ಕ ದಿನ ಅಪ್ರಾಪ್ತರು ಮಾಡಿದ ಒಪ್ಪಂದ ನಿಲ್ಲುವುದಿಲ್ಲ ಎಂದ 1903ರ ಮೊಹರಿ ಬೀಬಿ ಪ್ರಕರಣ ಹೇಳಿದರೆ ಮತ್ತೆ ಮರೆಯುವ ಪ್ರಶ್ನೆಯೇ ಇಲ್ಲ. ಯಾವ ಪಟ್ಟಿ ಮೊದಲು, ಯಾವುದು ಕೊನೆಗೆ, ಮೂಲೆಯಲ್ಲಿ ಕೂತವನ ಬಾಯಿ ಹೇಗೆ ಬಿಡಿಸುವುದು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬಂದು ಕೂತು ನೋಡಿ.

ವಾಡಿ ಕಡೆಯಿಂದ ರೈಲಿಗೆ ಬರುವವರು ಹಸಿದು ಬರುತ್ತಾರೆ. ಸುಸಲಾ (ಒಗ್ಗರಣೆ ಹಾಕಿದ ಚುರುಮುರಿ), ಮಿರ್ಚಿ, ಚಹಾಕ್ಕೆ ತಲೆಗೆ ಇಪ್ಪತ್ತು-ಇಪ್ಪತ್ತೈದು ರೂಪಾಯಿ. ಇದಿಲ್ಲದೆ ಎಂಟು ಗಂಟೆಗೆ ಯಾರೂ ಬರುವುದಿಲ್ಲ. ಬೇರ್ ಆಕ್ಟ್ (ಕಾಯ್ದೆಯ ಮೂಲ ಪಠ್ಯವಷ್ಟೇ ಇರುವ ಪುಸ್ತಕ) ಒಟ್ಟಿಗೆ ತರಿಸಿದರೆ ಪ್ರತಿಗೆ ತೊಂಬತ್ತು-ನೂರರ ಒಳಗೆ ಬೀಳುತ್ತದೆ. ಅರವತ್ತು ಪ್ರತಿಗೆ ಐದೂವರೆ ಸಾವಿರ ಆಯಿತು. ಕೋರ್ಟಿನಲ್ಲಿರುವ ನಮ್ಮ ಹಳೆ ವಿದ್ಯಾರ್ಥಿ ವಕೀಲರು ತಲಾ ಐನೂರು ಹಾಕಿದರು. ವರ್ಷದ ಕೊನೆಗೆ ಪುಸ್ತಕ ವಾಪಸ್ ಬರಬೇಕು, ಮುಂದಿನವರಿಗೆ ಹೋಗಬೇಕು.

ಇನ್ನು ಶಿಕ್ಷಕರ ಮಾತು. ಮುಂಜಾನೆ ಎಂಟಕ್ಕೆ ಯಾರು ಬರುತ್ತಾರೆ, ಯಾಕೆ ಬರುತ್ತಾರೆ? ಇದನ್ನು ಬಿಡಿಸದೆ ಮೇಲಿನದೆಲ್ಲ ಒಂದೇ ವರ್ಷದಲ್ಲಿ ಸಾಯುತ್ತದೆ. ಕಾಲೇಜು ಶಿಕ್ಷಕರ ಬಡ್ತಿ ಹೇಗೆ ಎಂದು ಹೇಳುವ 2018ರ ಯುಜಿಸಿ ನಿಯಮ ತೆಗೆದು ಓದಿ. ಸಹಾಯಕ ಪ್ರಾಧ್ಯಾಪಕರು ವೇತನ ಶ್ರೇಣಿಯ ಲೆವೆಲ್ 10ರಿಂದ 11ಕ್ಕೆ ಹೋಗಲು ಎಲ್‌ಎಲ್‌ಎಂ ಇದ್ದವರಿಗೆ ಐದು ವರ್ಷ, ಪಿಎಚ್‌ಡಿ ಇದ್ದವರಿಗೆ ನಾಲ್ಕು ವರ್ಷ ಸೇವೆ ಬೇಕು. ಶಿಕ್ಷಕರು ತೆಗೆದುಕೊಂಡ ಕ್ಲಾಸುಗಳ ಜೊತೆಗೆ ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಚಟುವಟಿಕೆಗಳನ್ನೂ ಅಲ್ಲಿ ಎಣಿಸುತ್ತಾರೆ. ಹಾಗಾಗಿ ಮುಂಜಾನೆಯ ತಾಸಿಗೆ ಪ್ರಾಂಶುಪಾಲರಿಂದ ಆದೇಶ ಮಾಡಿಸಿದೆ. ಹಾಜರಿ, ವಿಷಯ, ವಿದ್ಯಾರ್ಥಿಗಳ ಬರಹ ಎಲ್ಲವೂ ದಿನಾಂಕದೊಂದಿಗೆ ಆಯಾ ಶಿಕ್ಷಕರ ಫೈಲಿಗೆ ಸೇರುತ್ತವೆ. ಆದೇಶವಿಲ್ಲದೆ ಮಾಡಿದ ಸೇವೆಯನ್ನು ಯಾವ ಸಮಿತಿಯೂ ಕಣ್ಣೆತ್ತಿ ನೋಡುವುದಿಲ್ಲ. ಒಬ್ಬ ಸಹೋದ್ಯೋಗಿ ಅದೇ ಪಟ್ಟಿಗಳನ್ನು ಇಟ್ಟುಕೊಂಡು ಏಜೆನ್ಸಿ ಕುರಿತು ಲೇಖನ ಬರೆದರು. ಅವರ ಬಡ್ತಿ ಫೈಲು ಒಂದೇ ಸಲಕ್ಕೆ ಪಾಸಾಯಿತು. ಅತಿಥಿ ಉಪನ್ಯಾಸಕರಿಗೆ ಬಡ್ತಿ ಇಲ್ಲ, ಅದು ನನಗೆ ಇಂದಿಗೂ ಸಂಕಟ. ಅವರಿಗೆ ಈ ತಾಸಿನ ಸಂಬಳ ಬೇರೆಯೇ ಕೊಡಿಸಿದೆ, ಅನುಭವ ಪ್ರಮಾಣಪತ್ರದಲ್ಲೂ ಇದನ್ನು ಬರೆಸಿದೆ. ಅವರಲ್ಲೊಬ್ಬರು ಈ ಮಧ್ಯೆ ಕೆ-ಸೆಟ್ (ಸಹಾಯಕ ಪ್ರಾಧ್ಯಾಪಕರಾಗಲು ರಾಜ್ಯದ ಅರ್ಹತಾ ಪರೀಕ್ಷೆ) ಪಾಸಾದರು.

ಟಾರ್ಟ್ಸ್‌ಗೆ ಶಹಾಬಾದ್ ಕಡೆಯ ಕಲ್ಲುಗಣಿಗಳನ್ನು ಹಿಡಿದಿದ್ದೇನೆ. ಗಣಿಯವರು ಕಟ್ಟಿ ನಿಲ್ಲಿಸಿದ ನೀರು ಒಡೆದು ಪಕ್ಕದ ಹೊಲಕ್ಕೆ ನುಗ್ಗಿದರೆ ಯಾರ ಹೊಣೆ? ಕಟ್ಟಿ ನಿಲ್ಲಿಸಿದ ನೀರು ನುಗ್ಗಿ ಹಾನಿಯಾದರೆ ನಿಲ್ಲಿಸಿದವನೇ ಹೊಣೆ ಎಂದ ಇಂಗ್ಲೆಂಡಿನ ರೈಲ್ಯಾಂಡ್ಸ್ ಪ್ರಕರಣಕ್ಕೆ ಅಲ್ಲಿಂದಲೇ ದಾರಿ. ಕ್ರಿಮಿನಲ್ ಪೇಪರಿನಲ್ಲಿ ಮಾತ್ರ ಹೊಸ ತಲೆನೋವಿದೆ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಕೊಲೆಯ 302 ಹೋಗಿ 103 ಆಗಿದೆ, ಮೋಸದ 420 ಹೋಗಿ 318 ಆಗಿದೆ. ಮನೆಯಲ್ಲಿ, ಸಿನಿಮಾದಲ್ಲಿ ಕೇಳಿದ ಹಳೆ ನಂಬರು ಹುಡುಗರ ಬಾಯಿಂದ ಬಿಡುತ್ತಿಲ್ಲ. ಪೊಲೀಸ್ ವೆಬ್‌ಸೈಟಿನಿಂದ ಎಫ್‌ಐಆರ್ ಪ್ರತಿ ಇಳಿಸಿಕೊಂಡು, ಹೆಸರುಗಳಿಗೆ ಮಸಿ ಬಳಿದು ಓದಿಸಲು ಶುರು ಮಾಡಿದ್ದೇವೆ. ಹಳೆ ಐಪಿಸಿ ಪುಸ್ತಕಗಳನ್ನು ಕಪಾಟಿನಿಂದ ತೆಗೆಸಿದ್ದೇನೆ. ಹೊಸ ಸಂಹಿತೆಯ ಅರವತ್ತು ಪ್ರತಿಗೆ ದುಡ್ಡು ಕೂಡಿಸುವುದು ನಡೆದಿದೆ.