ತಾಂಡಾ ಶಾಲೆಯಲ್ಲಿ ಎರಡು ನುಡಿ ಬಲ್ಲ ಶಿಕ್ಷಕರ ಕೆಲಸ

ತಾಂಡಾ ಎಂದರೆ ಲಂಬಾಣಿಗರ ಊರು. ಅಲ್ಲಿಂದ ಒಂದನೇ ತರಗತಿಗೆ ಬರುವ ಮಗುವಿಗೆ ರೊಟ್ಟಿ ಎಂದರೆ ಬಾಟಿ, ತಾಯಿ ಎಂದರೆ ಯಾಡಿ. ಮೇಷ್ಟ್ರಿಗೆ ಲಂಬಾಣಿಯೂ ಬಂದರೆ ಎಲ್ಲ ಸಲೀಸು ಎಂದುಕೊಳ್ಳುತ್ತೇವೆ. ಆದರೆ ಎರಡೂ ನುಡಿ ಬಂದರಷ್ಟೇ ಸಾಲದು, ಯಾವುದನ್ನು ಯಾವಾಗ ಆಡಬೇಕೆಂದು ತಿಳಿದಿರಬೇಕು.

ನೌಕರಿಯ ದಾರಿ ಗೊತ್ತಿರುವುದೇ: 2 ವರ್ಷದ ಡಿ.ಎಲ್.ಇಡಿ. ಎಂಬ ಶಿಕ್ಷಕ ತರಬೇತಿ, ಆಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಮೊದಲ ಪತ್ರಿಕೆ (150 ಅಂಕಕ್ಕೆ ಸಾಮಾನ್ಯ ವರ್ಗದವರು 90 ತೆಗೆಯಬೇಕು), ನಂತರ ನೇಮಕಾತಿ.

ತರಗತಿಯಲ್ಲಿ ಹೆಚ್ಚಾಗಿ ಆಗುವ ತಪ್ಪೆಂದರೆ ಕನ್ನಡದ ಪ್ರತಿ ವಾಕ್ಯಕ್ಕೂ ಬೆನ್ನಿಗೇ ಲಂಬಾಣಿ ಅರ್ಥ ಹೇಳುವುದು. ಹೇಗೂ ತನ್ನ ಮಾತಿನಲ್ಲಿ ಬರುತ್ತದಲ್ಲ ಎಂದು ಮಗು ಕನ್ನಡಕ್ಕೆ ಕಿವಿಗೊಡುವುದನ್ನೇ ಬಿಡುತ್ತದೆ. ಹಾಗಾಗಿ ಮೊದಲ ದಿನ ಕಥೆಯನ್ನು ಪೂರ್ತಿ ಲಂಬಾಣಿಯಲ್ಲೇ ಹೇಳಿ, ಮಕ್ಕಳಿಂದಲೂ ಹೇಳಿಸಿ. ಮರುದಿನ ಅದೇ ಕಥೆ, ಅವೇ ಚಿತ್ರ, ಬರೀ ಕನ್ನಡ. ಕಥೆ ಮೊದಲೇ ಗೊತ್ತಿರುವುದರಿಂದ ಮಾತಿನ ಅರ್ಥವನ್ನು ಅವರೇ ಹಿಡಿಯುತ್ತಾರೆ. ಲಂಬಾಣಿ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು. ಬಾಟಿ, ಪಾಣಿ ಓದಿ ಬ, ಪ, ಟ ಕಲಿತ ಮಗುವಿಗೆ ಆ ಅಕ್ಷರಗಳು ಕನ್ನಡಕ್ಕೂ ಒದಗುತ್ತವೆ. ದೊಡ್ಡ ಹುಡುಗಿಯೊಬ್ಬಳನ್ನು ಕರೆದು ದುಭಾಷಿ ಮಾಡಬೇಡಿ, ಅವಳ ಪಾಠ ಹೋಗುತ್ತದೆ.

ಇಷ್ಟು ಮಾಡಿದರೂ ದೀಪಾವಳಿ ಮುಗಿದ ಮೇಲೆ ಬೆಂಚು ಖಾಲಿಯಾಗಬಹುದು. ಅಪ್ಪ ಅಮ್ಮ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೊರಡುವಾಗ ಮಕ್ಕಳೂ ಹೋಗುತ್ತಾರೆ. ಹೊರಟ ಮೇಲೆ ಓಡಾಡಿದರೆ ಉಪಯೋಗವಿಲ್ಲ. ಸೆಪ್ಟೆಂಬರ್‌ನಲ್ಲೇ ಸಂಜೆ ಹೊತ್ತು ತಾಂಡಾಕ್ಕೆ ಹೋಗಿ, ಮೊದಲು ತಾಂಡಾದ ಮುಖ್ಯಸ್ಥರಾದ ನಾಯಕರನ್ನು ಕಂಡು, ಮನೆಮನೆಯ ಪಟ್ಟಿ ಮಾಡಿ: ಯಾರು ಹೋಗುತ್ತಾರೆ, ಯಾವ ಊರಿಗೆ, ಯಾವ ತಿಂಗಳು ವಾಪಸು, ಅಜ್ಜಿ ಮನೆಯಲ್ಲಿ ಇರುತ್ತಾರೋ ಇಲ್ಲವೋ. ಮಗು ಉಳಿಯುವಂತಿದ್ದರೆ ಆ ಪಟ್ಟಿ ಲಗತ್ತಿಸಿ, ಋತುಮಾನದ ವಸತಿ ನಿಲಯ (ಅಪ್ಪ ಅಮ್ಮ ಹೊರಗಿರುವ ತಿಂಗಳುಗಳಲ್ಲಿ ಮಕ್ಕಳು ಉಳಿಯುವ ಜಾಗ) ಬೇಕೆಂದು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಅರ್ಜಿ ಕೊಡಿ. ಹೋಗಲೇಬೇಕಾದ ಮಗುವಿಗೆ ವರ್ಗಾವಣೆ ಪತ್ರ ಕೊಡಿ, ಸರ್ಕಾರದ ವಿದ್ಯಾರ್ಥಿ ದಾಖಲೆಯಲ್ಲಿರುವ ಮಗುವಿನ ಎಸ್‌ಎಟಿಎಸ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ತಾಯಿಯ ಕೈಗಿಡಿ. ಹಾಜರಿ ಇಲ್ಲವೆಂದು ಸುಮ್ಮನೆ ಹೆಸರು ಹೊಡೆದುಹಾಕಿದರೆ ಮಗು ಎರಡೂ ಕಡೆಯ ಲೆಕ್ಕದಿಂದ ಜಾರುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ನಾಲ್ಕು ಸೆಕ್ಷನ್‌ಗಳು ನಾಲಿಗೆ ತುದಿಯಲ್ಲಿರಲಿ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು (4). ಬೇರೆ ರಾಜ್ಯದಿಂದ ಬಂದರೂ ವರ್ಗಾವಣೆ ಪತ್ರ ತಡವಾಯಿತೆಂದು ಸರ್ಕಾರಿ ಶಾಲೆ ಸೇರಿಸಿಕೊಳ್ಳದಿರುವಂತಿಲ್ಲ (5). ಜನನ ಪ್ರಮಾಣಪತ್ರ ಇಲ್ಲವೆಂದೂ (14), ದಾಖಲಾತಿ ಅವಧಿ ಮುಗಿಯಿತೆಂದೂ (15) ತಿರಸ್ಕರಿಸುವಂತಿಲ್ಲ. ಬಾಯಿಮಾತಿನ ಕೋರಿಕೆಗೆ ಬಾಯಿಮಾತಿನಲ್ಲೇ ಇಲ್ಲ ಎನ್ನುತ್ತಾರೆ. ಅರ್ಜಿ ಎರಡು ಪ್ರತಿ ಬರೆದು, ಒಂದಕ್ಕೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಸೆಕ್ಷನ್ 32ರ ಕೆಳಗೆ ದೂರು ಕೊಟ್ಟರೆ ಸ್ಥಳೀಯ ಪ್ರಾಧಿಕಾರ 3 ತಿಂಗಳೊಳಗೆ ತೀರ್ಮಾನಿಸಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ.

ಇದೆಲ್ಲಕ್ಕೂ ಬಲ ಬರುವುದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿಂದ (ಎಸ್‌ಡಿಎಂಸಿ). ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧ ಮಹಿಳೆಯರು ಇರಬೇಕು. ಸಭೆ ಕನ್ನಡದಲ್ಲೇ ನಡೆದರೆ ತಾಂಡಾದ ತಾಯಂದಿರು ಮೂಲೆಯಲ್ಲಿ ಕೂತು ಎದ್ದು ಹೋಗುತ್ತಾರೆ. ಚರ್ಚೆ ಲಂಬಾಣಿಯಲ್ಲಿ ನಡೆಯಲಿ, ನಡಾವಳಿ ಕನ್ನಡದಲ್ಲಿರಲಿ. ಬರೆದದ್ದನ್ನು ಲಂಬಾಣಿಯಲ್ಲಿ ಓದಿ ಹೇಳಿ, ಅವರು ತಿದ್ದಿದ್ದನ್ನು ಸೇರಿಸಿದ ಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ.