ಗಂಟೆಗೋಪುರದ 18 ಇಂಚು

ನಾನು ಬಡಗಿ. ನಮ್ಮ ಚರ್ಚಿನ ಗಂಟೆಗೋಪುರಕ್ಕೆ ಪಾರಿವಾಳಗಳು ನುಗ್ಗದಂತೆ ಬಲೆ ಬಿಗಿಯಲು ಹತ್ತಿದ ದಿನ, ಮೂಲೆಯ ಕತ್ತಲಲ್ಲಿ ಯಾರೋ ಕುಕ್ಕರ್ ಇಟ್ಟ ಹಾಗೆ 'ಸ್ಸ್' ಎಂಬ ಸದ್ದು ಕೇಳಿಸಿತು. ಟಾರ್ಚ್ ಬಿಟ್ಟರೆ ಹೃದಯದ ಆಕಾರದ ಬಿಳಿ ಮುಖವೊಂದು ನನ್ನನ್ನೇ ನೋಡುತ್ತ ಅತ್ತಿತ್ತ ತೂಗುತ್ತಿತ್ತು. ಕಣಜ ಗೂಬೆ. ಬರಿ ಹಲಗೆಯ ಮೇಲೆ ನಾಲ್ಕು ಮೊಟ್ಟೆ. ಗಂಟೆಯ ಹಗ್ಗ ಇಳಿಯುವ ಕಿಂಡಿಯಿಂದ ಒಂದು ಗೇಣು ದೂರದಲ್ಲಿ.

ಚರ್ಚು ಬೆಂಗಳೂರಿನಲ್ಲಿದೆ ಎಂದಷ್ಟೇ ಹೇಳುತ್ತೇನೆ. ದೀಪಾವಳಿ ಹತ್ತಿರವಾದಾಗ ಮಾಟಕ್ಕೆಂದು ಗೂಬೆ ಹುಡುಕುವವರು ಈಗಲೂ ಇದ್ದಾರೆ.

ಕೆಳಗೆ ಸುದ್ದಿ ಹಬ್ಬಿತು. ಗೂಬೆ ಹೊಕ್ಕ ಮನೆಯನ್ನು ಬಿಡಬೇಕು ಎಂದು ಹಿರಿಯರೊಬ್ಬರು ಪಟ್ಟು ಹಿಡಿದರು. "ಇದು ದೇವರ ಮನೆ. ಬಿಡಬೇಕಾದವರು ಯಾರು?" ಎಂದರು ಫಾದರ್. ಅಲ್ಲಿಗೆ ಆ ಮಾತು ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಗೂಡು, ಮೊಟ್ಟೆ ಕೆಡಿಸುವುದೂ ಬೇಟೆಯೇ ಎಂದು ತಿಳಿದ ಮೇಲೆ ಬಲೆಯನ್ನು ಸುತ್ತಿ ಅಟ್ಟಕ್ಕೆ ಹಾಕಿದೆವು.

ತಪ್ಪು ಮಾಡಿದ್ದು ನಾನು. ಮರಿ ಉರುಳಿ ಬೀಳಬಾರದೆಂದು ಕಿಂಡಿಯ ಸುತ್ತ ನಾಲ್ಕು ಇಂಚಿನ ಪಟ್ಟಿ ಕಟ್ಟಿದೆ. ಸುತ್ತಿಗೆಯ ಸದ್ದು ಬೇಡವೆಂದು ತಂತಿಯಲ್ಲೇ ಬಿಗಿದು, ಕೆಲಸ ಬಹಳ ಅಚ್ಚುಕಟ್ಟಾಯಿತೆಂದು ಹೆಮ್ಮೆಯಿಂದ ಇಳಿದೆ. ಕಣಜ ಗೂಬೆ ಮೊದಲ ಮೊಟ್ಟೆ ಇಟ್ಟಾಗಿನಿಂದಲೇ ಕಾವಿಗೆ ಕೂರುತ್ತದೆ; ತಿಂಗಳ ಮೇಲೆ ಮರಿಗಳು ಒಟ್ಟಿಗಲ್ಲ, ಎರಡು ಮೂರು ದಿನದ ಅಂತರದಲ್ಲಿ ಒಂದೊಂದಾಗಿ ಹೊರಬರುತ್ತವೆ. ಹಾಗಾಗಿ ಒಂದೇ ಗೂಡಿನಲ್ಲಿ ದಾಂಡಿಗನೂ ಇರುತ್ತಾನೆ, ಅಂಗೈಯಷ್ಟರವನೂ ಇರುತ್ತಾನೆ. ನಮ್ಮ ದಾಂಡಿಗ ಐದು ವಾರಕ್ಕೆಲ್ಲ ಪಟ್ಟಿ ಹತ್ತಿದ. ಒಂದು ಭಾನುವಾರ ಬೆಳಗಿನ ಪೂಜೆಗೆ ಮುಂಚೆ ಮೆಟ್ಟಿಲ ಬುಡದಲ್ಲಿ ಹತ್ತಿಯ ಉಂಡೆಯಂತೆ ಬಿದ್ದಿದ್ದ.

ನೆಲಕ್ಕೆ ಬಿದ್ದ ಮರಿಯನ್ನು ಕಣಜ ಗೂಬೆಗಳು ಸಾಮಾನ್ಯವಾಗಿ ಸಾಕುವುದಿಲ್ಲ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎನ್ನುವುದು ಮಾತ್ರ ಸುಳ್ಳು. ರೆಕ್ಕೆ, ಕಾಲು ಸರಿಯಿವೆಯೇ ಎಂದು ನೋಡಿ, ಚರ್ಮದ ಕೈಗವಸು ಹಾಕಿಕೊಂಡು ಮೇಲೆ ಒಯ್ದು ಬಿಟ್ಟೆ. ಅಷ್ಟರಲ್ಲೇ ಅದು ಅಂಗಾತ ಬಿದ್ದು ಎರಡೂ ಕಾಲಿನ ಉಗುರು ಚಾಚಿ ಗವಸನ್ನು ಹಿಡಿದಿತ್ತು. ಬಿಡಿಸಿಕೊಳ್ಳುವ ಹೊತ್ತಿಗೆ ಬೆವರಿಳಿಯಿತು.

ಮರಿಗಳೆಲ್ಲ ಹಾರಿಹೋದ ಮೇಲೆ ಪೆಟ್ಟಿಗೆ ಮಾಡಿದೆ. 12 ಎಂಎಂ ಪ್ಲೈವುಡ್, ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರ. ಬಾಗಿಲು ಐದು ಇಂಚು ಚೌಕ. ಅದರ ಕೆಳಅಂಚಿನಿಂದ ಪೆಟ್ಟಿಗೆಯ ತಳಕ್ಕೆ 18 ಇಂಚು ಇರಲೇಬೇಕು, ಇದೇ ಮುಖ್ಯ. ಹಾರಲು ಬಲ ಬಂದ ಮರಿ ಮಾತ್ರ ಆ ಎತ್ತರ ಏರಬಲ್ಲದು. ಒಳಗೆ ಹುಲ್ಲು, ಹತ್ತಿ ಏನೂ ಹಾಸಬೇಡಿ. ಜೀರ್ಣವಾಗದ ಎಲುಬು, ಕೂದಲನ್ನು ಗೂಬೆ ಉಂಡೆಯಾಗಿ ಕಾರುತ್ತದೆ; ಆ ಉಂಡೆಗಳ ಪುಡಿಯೇ ಅದಕ್ಕೆ ಹಾಸಿಗೆ. ಬಣ್ಣವೂ ಬೇಡ. ಪಾರಿವಾಳಕ್ಕೆ ಬೆಳಕು ಬೇಕು, ಆದ್ದರಿಂದ ಪೆಟ್ಟಿಗೆಯನ್ನು ಅತಿ ಕತ್ತಲ ಮೂಲೆಯಲ್ಲಿ ಕೂರಿಸಿದೆ.

ಗಂಟೆಗೆ ಹೆದರುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ದಿನವೂ ಕೇಳುವ ಸದ್ದನ್ನು ಅವು ಲೆಕ್ಕಕ್ಕೇ ಇಟ್ಟಂತೆ ಕಾಣಲಿಲ್ಲ; ಏಣಿ ಏರುವ ನಾನೇ ಅವುಗಳ ದೊಡ್ಡ ಗಾಬರಿ. ಆ ವರ್ಷ ಕ್ರಿಸ್ಮಸ್ ನಕ್ಷತ್ರವನ್ನು ಗೋಪುರಕ್ಕೆ ಕಟ್ಟದೆ ಮುಖಮಂಟಪದ ಮೇಲೆ ನಿಲ್ಲಿಸಿದೆವು.

ಪೆಟ್ಟಿಗೆಗಿಂತ ಕಷ್ಟವಾದದ್ದು ಇಲಿ ಪಾಷಾಣ ಬಿಡಿಸುವುದು. ಪಾಷಾಣ ತಿಂದ ಇಲಿ ಕೂಡಲೇ ಸಾಯುವುದಿಲ್ಲ, ತೂಕಡಿಸುತ್ತ ಬಯಲಿಗೆ ಬರುತ್ತದೆ. ಅದನ್ನು ಹಿಡಿದು ತಿಂದರೆ ವಿಷ ಗೂಬೆಯ ಹೊಟ್ಟೆಗೂ ಸೇರುತ್ತದೆ. ಸಮಿತಿಯ ಮುಂದೆ ನಾನು ವಾದ ಮಾಡಲಿಲ್ಲ. ಗೋಪುರದಲ್ಲಿ ಗುಡಿಸಿದ ಉಂಡೆಗಳನ್ನು ನೀರಲ್ಲಿ ನೆನೆಸಿ, ಬಿಡಿಸಿ, ಹಳೆಯ ಪತ್ರಿಕೆಯ ಮೇಲೆ ತಲೆಬುರುಡೆಗಳನ್ನು ಸಾಲಾಗಿ ಜೋಡಿಸಿಟ್ಟೆ: ಇಲಿ, ಇಲಿ, ಮೂಗಿಲಿ, ಇಲಿ, ಒಂದು ಹೆಗ್ಗಣದ ಮರಿ. ಕಾರ್ಯದರ್ಶಿ ಮೂಗು ಮುಚ್ಚಿಕೊಂಡೇ ಎಣಿಸಿದರು. ಪಾಷಾಣ ನಿಂತಿತು, ಸಭಾಂಗಣಕ್ಕೆ ಎರಡು ಬೋನು ಬಂದವು.

ಎಂಟು ತಿಂಗಳು ಪೆಟ್ಟಿಗೆ ಖಾಲಿ ಇತ್ತು. ನಂತರ ಒಂದು ಸಂಜೆ ಕೆಳಗೆ ನಿಂತಾಗಲೇ ಕುಕ್ಕರಿನ ಸದ್ದು ಕೇಳಿಸಿತು. ಪ್ಲೈವುಡ್‌ನ ದುಡ್ಡು ನನಗೆ ಆಮೇಲೆ ಸಂದಾಯವಾಯಿತು. ಲೆಕ್ಕದ ಪುಸ್ತಕದಲ್ಲಿ ಕಾರ್ಯದರ್ಶಿ ಅದನ್ನು ಬರೆದದ್ದು 'ಇಲಿ ನಿವಾರಣೆ' ಬಾಬ್ತಿನಲ್ಲಿ.